ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ: ರ‍್ಯಾಮ್ ಮೇಲಿನ ಅನುಮಾನ ತೀರಿಸಿಕೊಳ್ಳುವ ಬಗೆ

ಕೆಲಸ ಮಾಡುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ, ಫ್ಯಾನ್ ಒಮ್ಮೆ ಜೋರಾಗಿ ಬೀಸಿ ಸುಮ್ಮನಾಗುತ್ತದೆ, ಮದರ್‌ಬೋರ್ಡಿನ ಲೋಗೋ ಮತ್ತೆ ಮೂಡುತ್ತದೆ. ಒಂದೇ ದಿನ ಮೂರು ಸಲ ಹೀಗಾಗಿ, ಆಮೇಲೆ ವಾರವಿಡೀ ಏನೂ ಆಗದೆ ಇರಬಹುದು. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ವಿಂಡೋಸ್ ಹೊಸದಾಗಿ ಹಾಕುತ್ತಾರೆ. ಅದರಿಂದ ಗುಣ ಕಾಣದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬ) ಬದಲಿಸುತ್ತಾರೆ, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಯಾರೋ ಹೇಳಿದರು ಅಂತ ಕೆಲಸದ ದತ್ತಾಂಶವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ, ಅಂದರೆ ರ‍್ಯಾಮ್ ನೋಡುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಕಂಪ್ಯೂಟರಿನ ಒಳಗಿರುವ ಭಾಗಗಳಲ್ಲಿ ದುಡ್ಡು ಖರ್ಚಿಲ್ಲದೆ, ಸ್ಕ್ರೂಡ್ರೈವರ್ ಹಿಡಿಯದೆ, ಆಪರೇಟಿಂಗ್ ಸಿಸ್ಟಮ್ಮಿನ ಹಂಗಿಲ್ಲದೆ ಪರೀಕ್ಷಿಸಲು ಸುಲಭವಾದದ್ದು ರ‍್ಯಾಮ್. ತಪ್ಪು ಅಲ್ಲಿದ್ದರೆ ಬಹುಪಾಲು ಸಲ ಬರೀ ಅನುಮಾನಕ್ಕೆ ನಿಲ್ಲದೆ ಕಣ್ಣೆದುರಿನ ಸಾಕ್ಷಿ ಸಿಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನೀವು ಸೇವ್ ಮಾಡುವ ಪ್ರತಿಯೊಂದು ಫೈಲೂ ಡಿಸ್ಕ್ ಮುಟ್ಟುವ ಮೊದಲು ರ‍್ಯಾಮ್ ದಾಟಿಯೇ ಹೋಗುತ್ತದೆ. ಎಸ್‌ಎಂಪಿಎಸ್ ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೇ. ರ‍್ಯಾಮ್ ಕೆಟ್ಟರೆ ಕೆಲಸ ನಡೆಯುತ್ತಲೇ ಇರುತ್ತದೆ, ಒಳಗೊಳಗೇ ಫೋಟೋ, ಲೆಕ್ಕದ ಫೈಲು, ಬ್ಯಾಕಪ್ ಎಲ್ಲವೂ ಒಂದೊಂದು ಬಿಟ್‌ನಷ್ಟು ಕೆಡುತ್ತಾ ಹೋಗುತ್ತವೆ.

ಆರಿಹೋದದ್ದು ಹೇಗೆ ಎಂಬುದನ್ನು ಮೊದಲು ನೋಡಿ

ವಿಂಡೋಸ್‌ನಲ್ಲಿ ಮೊದಲು ಮಾಡಬೇಕಾದ ಕೆಲಸ ಒಂದೇ ನಿಮಿಷದ್ದು. ಸ್ಟಾರ್ಟ್ ಮೆನುವಿನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ಎಂದು ಹುಡುಕಿ ತೆರೆಯಿರಿ. ಅದರಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗದ ಸೆಟ್ಟಿಂಗ್ಸ್ ಒತ್ತಿ, ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎಂಬ ಪೆಟ್ಟಿಗೆಯ ಟಿಕ್ ತೆಗೆಯಿರಿ. ಈ ಟಿಕ್ ಇದ್ದಾಗ ಬ್ಲೂ ಸ್ಕ್ರೀನ್ (ವಿಂಡೋಸ್ ಕುಸಿದಾಗ ಬರುವ ತಪ್ಪಿನ ಸಂದೇಶದ ಪರದೆ) ಬಂದರೂ ಕಂಪ್ಯೂಟರ್ ಕೂಡಲೇ ರೀಸ್ಟಾರ್ಟ್ ಆಗುವುದರಿಂದ, ನಿಮಗೆ ಅದು ಕಾರಣವಿಲ್ಲದ ರೀಬೂಟ್‌ನಂತೆ ಕಾಣುತ್ತದೆ. ಟಿಕ್ ತೆಗೆದ ಮೇಲೆ ಸಂದೇಶ ಪರದೆಯ ಮೇಲೆಯೇ ನಿಂತಿರುತ್ತದೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಟಿಕ್ ತೆಗೆದ ಮೇಲೂ ಯಾವ ಸಂದೇಶವಿಲ್ಲದೆ ನೇರ ರೀಬೂಟ್ ಆಗುತ್ತಿದ್ದರೆ ಅದು ಬೇರೆಯೇ ಸುಳಿವು. ಒಂದೋ ವಿದ್ಯುತ್ ಪೂರೈಕೆ ಕ್ಷಣಕಾಲ ತಪ್ಪಿದೆ, ಇಲ್ಲವೇ ಪ್ರೊಸೆಸರ್ ದಿಕ್ಕೆಟ್ಟಿದೆ. ಎರಡನೆಯದನ್ನು ಟ್ರಿಪಲ್ ಫಾಲ್ಟ್ ಎನ್ನುತ್ತಾರೆ. ಒಂದು ತಪ್ಪು ನಡೆದಾಗ ಪ್ರೊಸೆಸರ್ ಅದನ್ನು ನಿಭಾಯಿಸುವ ಕೋಡಿನ ಕಡೆ ಹಾರುತ್ತದೆ. ಆ ಕೋಡಿನ ವಿಳಾಸವೇ ರ‍್ಯಾಮ್‌ನಲ್ಲಿ ಕೆಟ್ಟಿದ್ದರೆ ಎರಡನೇ ತಪ್ಪಾಗುತ್ತದೆ. ಅದನ್ನು ನಿಭಾಯಿಸಲೂ ಆಗದಿದ್ದರೆ ಮೂರನೆಯದು. ಅಲ್ಲಿಗೆ ಮದರ್‌ಬೋರ್ಡ್ ಪ್ರೊಸೆಸರನ್ನು ರೀಸೆಟ್ ಮಾಡಿಬಿಡುತ್ತದೆ. ವಿಂಡೋಸ್‌ಗೆ ಬ್ಲೂ ಸ್ಕ್ರೀನ್ ತೋರಿಸುವಷ್ಟೂ ವ್ಯವಧಾನ ಸಿಗುವುದಿಲ್ಲ.

ರೀಬೂಟ್ ಆಗದೆ ಪೂರ್ತಿ ಆಫ್ ಆಗಿ ಹಾಗೇ ಉಳಿದರೆ ರ‍್ಯಾಮ್ ಬಿಟ್ಟು ಬಿಸಿಯ ಕಡೆ ನೋಡಿ. ಪ್ರೊಸೆಸರ್ ಬಿಸಿಯಾದಾಗ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ತಾನೇ ಕರೆಂಟ್ ಕಡಿತಕ್ಕೆ ಸಂಕೇತ ಕೊಡುತ್ತದೆ. ಪರದೆ ಹೆಪ್ಪುಗಟ್ಟಿದಂತೆ ನಿಂತು, ಮೌಸ್ ಅಲ್ಲಾಡದೆ, ಸ್ಪೀಕರಿನಿಂದ ಒಂದೇ ದನಿ ಗುಂಯ್‌ಗುಡುತ್ತಿದ್ದರೆ ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮೂರೂ ಅನುಮಾನದ ಪಟ್ಟಿಯಲ್ಲಿರುತ್ತವೆ.

ಈಗ ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ನೋಡಿ. ಕರ್ನಲ್ ಪವರ್, ಸಂಖ್ಯೆ 41 ಎಂಬ ಕೆಂಪು ದಾಖಲೆ ಸಿಗುತ್ತದೆ. ಇದನ್ನು ನೋಡಿದ ತಕ್ಷಣ ಪವರ್ ಎಂಬ ಪದ ಹಿಡಿದು ಎಸ್‌ಎಂಪಿಎಸ್ ಕೊಳ್ಳಲು ಹೊರಡುವವರು ಬಹಳ. 41 ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ. ಅದು ದಾಖಲಾಗುವುದೂ ಮುಂದಿನ ಸಲ ಆನ್ ಆದಾಗಲೇ. ಉಪಯೋಗಕ್ಕೆ ಬರುವ ಮಾಹಿತಿ ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿದೆ. ಅಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಆಗಲಿಲ್ಲ ಎಂದರ್ಥ. ಬೇರೆ ಸಂಖ್ಯೆ ಇದ್ದರೆ ಅದು ಬ್ಲೂ ಸ್ಕ್ರೀನಿನ ಕೋಡೇ, ದಶಮಾಂಶ ಪದ್ಧತಿಯಲ್ಲಿ ಬರೆದದ್ದು. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 80 ಎಂದರೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, 278 ಗ್ರಾಫಿಕ್ಸ್ ಡ್ರೈವರ್ ಉತ್ತರಿಸದೆ ಹೋದದ್ದು, 292 ಹಾರ್ಡ್‌ವೇರ್ ತಾನೇ ವರದಿ ಮಾಡಿದ ತಪ್ಪು. ಜೊತೆಗೆ ವೀಯಾ ಲಾಗರ್ (WHEA-Logger) ಎಂಬ ಮೂಲದಿಂದ 18 ಅಥವಾ 19 ಸಂಖ್ಯೆಯ ದಾಖಲೆಗಳಿವೆಯೇ ನೋಡಿ. 19 ಸರಿಪಡಿಸಲು ಸಾಧ್ಯವಾದ ತಪ್ಪು, 18 ಸಾಧ್ಯವಾಗದ್ದು. ಅದರಲ್ಲಿ ಕ್ಯಾಶ್ ಹೈರಾರ್ಕಿ ಎರರ್ (ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿಯ ತಪ್ಪು) ಎಂದಿದ್ದರೆ ರ‍್ಯಾಮ್‌ಗಿಂತ ಮೊದಲು ಪ್ರೊಸೆಸರ್ ಮತ್ತದರ ವೋಲ್ಟೇಜ್ ಕಡೆ ಗಮನ ಕೊಡಿ.

ಲಿನಕ್ಸ್ ಬಳಸುವವರು ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್ ಆಜ್ಞೆಯಲ್ಲಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ನೋಡಬೇಕು. ಸಾಲುಗಳು ಅರ್ಧಕ್ಕೇ ತುಂಡಾಗಿದ್ದರೆ ದಿಢೀರ್ ರೀಸೆಟ್. ಮಷೀನ್ ಚೆಕ್ ಎಂಬ ಪದ ಕಂಡರೆ ಹಾರ್ಡ್‌ವೇರಿನದೇ ದೂರು. ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವಾಗ ಒಮ್ಮೆ ಈ ಫೈಲಿನಲ್ಲಿ, ಮತ್ತೊಮ್ಮೆ ಆ ಫೈಲಿನಲ್ಲಿ ಸೆಗ್‌ಮೆಂಟೇಶನ್ ಫಾಲ್ಟ್ ಬರುವುದು ಕೆಟ್ಟ ರ‍್ಯಾಮಿನ ಬಹಳ ಹಳೆಯ ಗುರುತು.

ರ‍್ಯಾಮ್ ಮೇಲೆ ಯಾವಾಗ ಬೆರಳು ತೋರಿಸಬೇಕು

ಕೆಟ್ಟ ಡ್ರೈವರ್ ಸಾಮಾನ್ಯವಾಗಿ ಒಂದೇ ಕಡೆ, ಒಂದೇ ಕೋಡಿನಲ್ಲಿ ಎಡವುತ್ತದೆ. ಕೆಟ್ಟ ರ‍್ಯಾಮ್‌ಗೆ ಆ ನಿಯಮವಿಲ್ಲ. ಪ್ರತಿ ಸಲ ಬ್ಲೂ ಸ್ಕ್ರೀನ್ ಕೋಡ್ ಬದಲಾಗುತ್ತದೆ, ಬ್ರೌಸರಿನ ಟ್ಯಾಬುಗಳು ತಾವಾಗಿ ಸಾಯುತ್ತವೆ, ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ದತ್ತಾಂಶ ತಾಳೆಯಾಗದ ತಪ್ಪು) ಬರುತ್ತದೆ, ಅದೇ ಫೈಲನ್ನು ಮತ್ತೆ ಬಿಚ್ಚಿದರೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ವಿಂಡೋಸ್ ಹಾಕುವಾಗ ಪ್ರತಿ ಸಲವೂ ಬೇರೆ ಬೇರೆ ಹಂತದಲ್ಲಿ ನಿಂತುಹೋದರೆ ಅನುಮಾನ ಇನ್ನಷ್ಟು ಗಟ್ಟಿ.

ಬೂಟ್ ಮಾಡುವ ಪರೀಕ್ಷೆಗೆ ಮೊದಲೇ ಮಾಡಿ ನೋಡಬಹುದಾದ ಒಂದು ಪ್ರಯೋಗ ಇದೆ. ದೊಡ್ಡ ಫೈಲೊಂದರ ಎಸ್‌ಎಚ್‌ಎ 256 ಹ್ಯಾಶ್, ಅಂದರೆ ಫೈಲಿನ ಒಳಗಿರುವುದನ್ನು ಲೆಕ್ಕ ಹಾಕಿ ಪಡೆಯುವ ಬೆರಳಚ್ಚಿನಂಥ ಅಕ್ಷರಸಾಲು, ತೆಗೆಯಿರಿ. ಸೆವೆನ್ ಜಿಪ್ ಇದ್ದರೆ ರೈಟ್ ಕ್ಲಿಕ್ ಮೆನುವಿನಲ್ಲೇ ಇದು ಸಿಗುತ್ತದೆ. ಅದೇ ಫೈಲಿಗೆ ನಾಲ್ಕೈದು ಸಲ ತೆಗೆದು ಹೋಲಿಸಿ. ಮುಟ್ಟದ ಫೈಲಿನ ಹ್ಯಾಶ್ ಒಂದಕ್ಷರವೂ ಬದಲಾಗಬಾರದು. ಬದಲಾದರೆ ಅಲ್ಲಿಗೆ ಹಾರ್ಡ್‌ವೇರ್ ತಪ್ಪು ಖಚಿತ. ಇದರಲ್ಲಿ ಎಡವುವ ಜಾಗವೊಂದಿದೆ: ಫೈಲು ರ‍್ಯಾಮಿಗಿಂತ ಚಿಕ್ಕದಾಗಿದ್ದರೆ ಮೊದಲ ಓದಿನಲ್ಲೇ ಅದು ರ‍್ಯಾಮಿನ ಖಾಲಿ ಜಾಗದಲ್ಲಿ ಕೂತುಬಿಡುತ್ತದೆ, ಆಮೇಲಿನ ಓದುಗಳೆಲ್ಲ ಅದೇ ಪ್ರತಿಯಿಂದ. ಆ ಪ್ರತಿಯೇ ಕೆಟ್ಟಿದ್ದರೆ ಐದೂ ಸಲ ಒಂದೇ ತಪ್ಪು ಉತ್ತರ ಬರುತ್ತದೆ, ನೀವು ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಆದ್ದರಿಂದ 16 ಜಿಬಿ ರ‍್ಯಾಮ್ ಇದ್ದರೆ 20 ಜಿಬಿಯ ಫೈಲ್ ತೆಗೆದುಕೊಳ್ಳಿ, ಅಥವಾ ಪ್ರತಿ ಸಲದ ನಡುವೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಒಂದು ಬಿಟ್ ಕೆಡುವುದು ಹೇಗೆ ಎಂದು ತಿಳಿದಿದ್ದರೆ ಮುಂದಿನ ಪರೀಕ್ಷೆಗಳ ಅರ್ಥ ಸುಲಭವಾಗುತ್ತದೆ. ರ‍್ಯಾಮಿನ ಪ್ರತಿ ಕೋಶವೂ ಒಂದು ಅತಿ ಚಿಕ್ಕ ಕೆಪಾಸಿಟರ್. ಅದರಲ್ಲಿ ತುಂಬಿದ ಚಾರ್ಜ್ ಸದಾ ಸೋರುತ್ತಿರುತ್ತದೆ, ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಲಾಗುತ್ತದೆ. ಯಾವುದೋ ಒಂದು ಕೋಶ ಉಳಿದವುಗಳಿಗಿಂತ ಬೇಗ ಸೋರಿದರೆ, ಮುಂದಿನ ಸರದಿ ಬರುವಷ್ಟರಲ್ಲಿ 1 ಇದ್ದದ್ದು 0 ಆಗಿರುತ್ತದೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕೆಂಬ ನಿಯಮವೇ ಇದೆ. ಬೆಳಿಗ್ಗೆ ಸರಿಯಾಗಿದ್ದ ಕಂಪ್ಯೂಟರ್ ಗಂಟೆಗಟ್ಟಲೆ ಗೇಮ್ ಆಡಿದ ಮೇಲೆ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಕಾಸ್ಮಿಕ್ ಕಿರಣ ಬಡಿದು ಬಿಟ್ ಬದಲಾಗುತ್ತದೆ, ಅದಕ್ಕೆ ಯಾರೇನು ಮಾಡಲಾದೀತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗಾಗುವುದು ನಿಜ. ಆದರೆ 2009ರಲ್ಲಿ ಗೂಗಲ್ ಸರ್ವರ್‌ಗಳ ಮೇಲೆ ನಡೆದ ದೀರ್ಘ ಅಧ್ಯಯನದಲ್ಲಿ ಮೆಮೊರಿ ತಪ್ಪುಗಳಲ್ಲಿ ಹೆಚ್ಚಿನವು ಹಾಗೆ ಬಂದು ಹೋಗುವಂಥವಲ್ಲ, ಚಿಪ್ಪಿನ ಕಾಯಂ ದೋಷದಿಂದ ಬರುವಂಥವು ಎಂದು ಕಂಡುಬಂತು. ಕಾಯಂ ದೋಷವಾದರೆ ಅದು ಮತ್ತೆ ಮತ್ತೆ ಮರುಕಳಿಸುತ್ತದೆ. ಮರುಕಳಿಸುವ ದೋಷ ಪರೀಕ್ಷೆಗೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಹುದು.

ಪರೀಕ್ಷೆಗೆ ಕೂರುವ ಮುನ್ನ

ಮುಖ್ಯವಾದ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆದರೆ ಹಳೆಯ ಬ್ಯಾಕಪ್ ಮೇಲೆ ಬರೆಯಬೇಡಿ. ಈಗ ಮಾಡುವ ನಕಲೂ ಅನುಮಾನದ ರ‍್ಯಾಮ್ ದಾಟಿಯೇ ಹೋಗುವುದರಿಂದ ಹಳೆಯದೇ ಹೆಚ್ಚು ನಂಬಿಕಸ್ತ. ಸಾಧ್ಯವಾದರೆ ಡಿಸ್ಕನ್ನೇ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ಚೆಕ್‌ಡಿಸ್ಕ್, ಡಿಫ್ರಾಗ್, ಪಾರ್ಟಿಶನ್ ಗಾತ್ರ ಬದಲಾಯಿಸುವುದು, ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶ) ಅಪ್‌ಡೇಟ್, ಈ ನಾಲ್ಕಕ್ಕೂ ಈಗ ಕೈ ಹಾಕಬೇಡಿ. ಚೆಕ್‌ಡಿಸ್ಕ್ ಫೈಲ್ ಪಟ್ಟಿಯನ್ನು ರ‍್ಯಾಮಿಗೆ ತಂದು, ಅಲ್ಲಿ ಕಂಡ ತಪ್ಪನ್ನು ಡಿಸ್ಕಿನಲ್ಲಿ ತಿದ್ದುತ್ತದೆ. ತಪ್ಪು ರ‍್ಯಾಮಿನಲ್ಲೇ ಇದ್ದರೆ, ಸರಿಯಾಗಿದ್ದ ಡಿಸ್ಕನ್ನು ಅದು ತಪ್ಪಾಗಿ ತಿದ್ದಿಬಿಡುತ್ತದೆ. ಬಯಾಸ್ ಬರೆಯುತ್ತಿರುವಾಗ ರೀಬೂಟ್ ಆದರೆ ಮದರ್‌ಬೋರ್ಡೇ ಏಳದಂತಾಗಬಹುದು.

ಮೆಮ್‌ಟೆಸ್ಟ್86 ಪ್ಲಸ್ ರ‍್ಯಾಮ್ ಪರೀಕ್ಷಿಸುವ ಉಚಿತ ತಂತ್ರಾಂಶ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಯುಇಎಫ್‌ಐ (ಹಳೆಯ ಬಯಾಸ್‌ನ ಹೊಸ ರೂಪ) ಇರುವ ಈಗಿನ ಕಂಪ್ಯೂಟರ್‌ಗಳಲ್ಲೂ ಓಡುತ್ತದೆ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಬೇರೆ, ಅದು ಪಾಸ್‌ಮಾರ್ಕ್ ಕಂಪನಿಯದು. ಅದರ ಉಚಿತ ಆವೃತ್ತಿ 4 ಸುತ್ತು ಓಡಿ ನಿಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಸರಿ. ಇನ್ನೊಂದು ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಸೆಕ್ಯೂರ್ ಬೂಟ್ (ಮಾನ್ಯತೆಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಕಾವಲು) ಅಡ್ಡಬಂದರೆ ಬಯಾಸ್‌ನಲ್ಲಿ ಅದನ್ನು ಆ ಮಟ್ಟಿಗೆ ಆಫ್ ಮಾಡಿ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು. ಸೆಕ್ಯೂರ್ ಬೂಟ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು, ಆಗ ಹುಡುಕುತ್ತಾ ಕೂತರೆ ಫಜೀತಿ.

ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನೊಸ್ಟಿಕ್ ಕೂಡ ಇದೆ. ಅದು ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆಯ್ದುಕೊಳ್ಳಿ. ಅದು ತಪ್ಪು ಹಿಡಿದರೆ ನಂಬಿ. ಏನೂ ಇಲ್ಲ ಎಂದರೆ ಅಷ್ಟಕ್ಕೇ ಬಿಡಬೇಡಿ.

ಮೊದಲ ಪರೀಕ್ಷೆಯನ್ನು ಕಂಪ್ಯೂಟರ್ ಈಗ ಯಾವ ಸೆಟ್ಟಿಂಗ್‌ನಲ್ಲಿ ಕೈಕೊಡುತ್ತಿದೆಯೋ ಅದೇ ಸೆಟ್ಟಿಂಗ್‌ನಲ್ಲಿ ಮಾಡಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಬಯಾಸ್ ಸೆಟ್ಟಿಂಗ್) ಆನ್ ಇದ್ದರೆ ಇರಲಿ. ತಪ್ಪು ಸಿಕ್ಕರೆ ಆಮೇಲೆ ಅದನ್ನು ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಈ ಎರಡು ಫಲಿತಾಂಶಗಳ ವ್ಯತ್ಯಾಸದಲ್ಲೇ ಅರ್ಧ ಉತ್ತರವಿದೆ.

ಕೆಂಪು ಸಾಲುಗಳನ್ನು ಓದುವುದು

ಮೊದಲ ಸುತ್ತು ಚುಟುಕಾಗಿರುತ್ತದೆ, ಅದೊಂದನ್ನೇ ನೋಡಿ ಎದ್ದು ಹೋಗಬೇಡಿ. ಕನಿಷ್ಠ 4 ಸುತ್ತು ಓಡಿಸಿ. ರ‍್ಯಾಮ್ ಹೆಚ್ಚಿದ್ದಷ್ಟೂ ಹೊತ್ತು ಹಿಡಿಯುವುದರಿಂದ ರಾತ್ರಿ ಮಲಗುವ ಮುನ್ನ ಹಚ್ಚಿ ಬೆಳಿಗ್ಗೆ ನೋಡುವುದು ಸರಳ. ಕ್ಯಾಬಿನೆಟ್ ಬಾಗಿಲು ಹಾಕಿಯೇ ಇಡಿ. ಬಾಗಿಲು ತೆರೆದಿಟ್ಟು ತಣ್ಣಗಿರುವಾಗ ಪರೀಕ್ಷಿಸಿದರೆ ಬಿಸಿಯಲ್ಲಿ ಮಾತ್ರ ಕಾಣುವ ದೋಷ ಅಡಗಿಕೊಳ್ಳುತ್ತದೆ.

ಎಷ್ಟು ತಪ್ಪಿದ್ದರೆ ನಡೆಯುತ್ತದೆ ಎಂದರೆ, ಒಂದೂ ನಡೆಯುವುದಿಲ್ಲ. ಹತ್ತು ಗಂಟೆಯಲ್ಲಿ ಒಂದೇ ತಪ್ಪು ಸಿಕ್ಕರೂ ಆ ರ‍್ಯಾಮ್ ಆ ಸೆಟ್ಟಿಂಗ್‌ನಲ್ಲಿ ನಂಬಿಕೆಗೆ ಅರ್ಹವಲ್ಲ.

ತಪ್ಪು ಸಿಕ್ಕಾಗ ಬರುವ ಕೆಂಪು ಸಾಲಿನಲ್ಲಿ ವಿಳಾಸ, ಬರೆದ ಮೌಲ್ಯ, ಓದಿದಾಗ ಸಿಕ್ಕ ಮೌಲ್ಯ ಇರುತ್ತವೆ. ಪರದೆಯ ಮೇಲೆ ಇವು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ, ಬಿಟ್‌ಗಳಾಗಿ ಬಿಡಿಸಿ ನೋಡಬೇಕು. ಬರೆದದ್ದು 11111111, ಓದಿದ್ದು 11011111 ಎಂದಿಟ್ಟುಕೊಳ್ಳಿ. ಎಡದಿಂದ ಮೂರನೆಯ ಬಿಟ್ ಬಿದ್ದಿದೆ. ಮುಂದಿನ ಸಾಲುಗಳಲ್ಲೂ ಅದೇ ಬಿಟ್, ವಿಳಾಸವೂ ಅದೇ ಅಥವಾ ಅಕ್ಕಪಕ್ಕದ್ದು ಎಂದಾದರೆ ಚಿಪ್ಪಿನ ಒಳಗಿನ ಕೋಶಗಳೇ ಕೆಟ್ಟಿವೆ. ಬಿಟ್ ಅದೇ, ಆದರೆ ವಿಳಾಸಗಳು ಎಲ್ಲೆಲ್ಲೋ ಇದ್ದರೆ ಆ ಬಿಟ್ ಹೊತ್ತು ತರುವ ತಂತಿಯ ಹಾದಿಯಲ್ಲೇ ತೊಂದರೆ: ಸ್ಟಿಕ್ಕಿನ (ರ‍್ಯಾಮ್ ಚಿಪ್‌ಗಳಿರುವ ಉದ್ದನೆಯ ಹಲಗೆಯ) ಅಂಚಿನ ಚಿನ್ನದ ಪಟ್ಟಿ, ಅದು ಕೂರುವ ಸ್ಲಾಟಿನ ಪಿನ್, ಇಲ್ಲವೇ ಪ್ರೊಸೆಸರ್ ಸಾಕೆಟ್ಟಿನ ಪಿನ್. ಬಿಟ್ಟೂ ಬೇರೆ, ವಿಳಾಸವೂ ಬೇರೆ, ಪ್ರತಿ ಸುತ್ತಿನಲ್ಲೂ ಹೊಸ ಜಾಗ ಎಂದಾದರೆ ವೇಗ, ಟೈಮಿಂಗ್, ವೋಲ್ಟೇಜ್ ಅಥವಾ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಕಡೆ ನೋಡಬೇಕು.

ವಿಳಾಸ ನೋಡಿ ಇದು ಎರಡನೇ ಸ್ಟಿಕ್ ಎಂದು ತೀರ್ಮಾನಿಸಲು ಹೋಗಬೇಡಿ. ಡ್ಯುಯಲ್ ಚಾನೆಲ್‌ನಲ್ಲಿ ದತ್ತಾಂಶವನ್ನು ಎರಡೂ ಸ್ಟಿಕ್ಕಿಗೆ ಎಳೆ ಎಳೆಯಾಗಿ ಹಂಚಿ ಹೆಣೆಯಲಾಗುತ್ತದೆ. 10 ಜಿಬಿ ಹತ್ತಿರದ ವಿಳಾಸ ಎರಡನೇ 8 ಜಿಬಿ ಸ್ಟಿಕ್ಕಿನದೇ ಆಗಬೇಕಿಲ್ಲ.

ಸ್ಟಿಕ್ ತಪ್ಪೋ ಸ್ಲಾಟ್ ತಪ್ಪೋ

ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕೀಳಿ. ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದುಕೊಳ್ಳಿ. ಲ್ಯಾಪ್‌ಟಾಪ್ ಆದರೆ ಒಳಗಿನ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಬೇಕು. ಸ್ಟಿಕ್ ತೆಗೆಯುವ ಮುನ್ನ ಯಾವುದು ಎಲ್ಲಿತ್ತು ಎಂದು ಪೆನ್ಸಿಲ್‌ನಿಂದ ಅದರ ಲೇಬಲ್ ಮೇಲೆ 1, 2 ಎಂದು ಬರೆಯಿರಿ. ಈ ಚಿಕ್ಕ ಕೆಲಸ ಬಿಟ್ಟರೆ ಮೂರನೇ ಪರೀಕ್ಷೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರ.

ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡುಗಳಲ್ಲಿ ಒಂದೇ ಸ್ಟಿಕ್ ಹಾಕುವಾಗ ಪ್ರೊಸೆಸರ್ ಕಡೆಯಿಂದ ಎರಡನೆಯ ಸ್ಲಾಟ್, ಎರಡು ಹಾಕುವಾಗ ಎರಡನೆಯದು ಮತ್ತು ನಾಲ್ಕನೆಯದು. ಮೊದಲನೆಯ ಮತ್ತು ಮೂರನೆಯದರಲ್ಲಿ ಹಾಕಿದ್ದರೆ ಅದೇ ಕಾರಣಕ್ಕೆ ಹೆಚ್ಚಿನ ವೇಗದಲ್ಲಿ ತಪ್ಪು ಬರಬಹುದು. ಸ್ಟಿಕ್ಕಿನ ಕಚ್ಚು ಸ್ಲಾಟಿನ ಉಬ್ಬಿಗೆ ಕೂರಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಕ್ಲಿಪ್ ಟಕ್ಕೆಂದು ಕೂರಬೇಕು. ಒಂದು ತುದಿ ಕೂತು ಇನ್ನೊಂದು ಕೂದಲೆಳೆಯಷ್ಟು ಎತ್ತರ ಉಳಿದರೂ ಕಂಪ್ಯೂಟರ್ ಆನ್ ಆಗಬಹುದು, ಆಮೇಲೆ ಯಾವಾಗಲೋ ಕೈಕೊಡುತ್ತದೆ. ಎಷ್ಟೋ ರೀಬೂಟ್ ತೊಂದರೆಗಳು ರ‍್ಯಾಮ್ ತೆಗೆದು ಮತ್ತೆ ಸರಿಯಾಗಿ ಕೂರಿಸಿದಲ್ಲಿಗೆ ಮುಗಿಯುತ್ತವೆ. ತೆಗೆದಾಗಲೇ ಚಿನ್ನದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನಾರು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಇದೆ, ಆದರೆ ಆ ಚಿನ್ನದ ಲೇಪ ಬಹಳ ತೆಳು. ಜೋರಾಗಿ ಉಜ್ಜಿದರೆ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಸೇರುತ್ತದೆ.

ನಿಮ್ಮ ರ‍್ಯಾಮ್ ಡಿಡಿಆರ್5 ಪೀಳಿಗೆಯದಾದರೆ ಇನ್ನೊಂದು ಮಾತು. ಸ್ಟಿಕ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮಿನ ಸಂಕೇತಗಳ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಸತ್ತೇ ಹೋಯಿತು ಎಂದು ಗಾಬರಿಯಾಗಿ ಆಫ್ ಮಾಡಬೇಡಿ, ಕಾಯಿರಿ.

ಸ್ಟಿಕ್ 1 ಮಾತ್ರ ಹಾಕಿ ಓಡಿಸಿ, ಆಮೇಲೆ ಅದೇ ಸ್ಲಾಟಿನಲ್ಲಿ ಸ್ಟಿಕ್ 2 ಮಾತ್ರ. ಒಂದರಲ್ಲಿ ತಪ್ಪು ಬಂದು ಇನ್ನೊಂದರಲ್ಲಿ ಬರದಿದ್ದರೆ, ತಪ್ಪು ಬಂದ ಸ್ಟಿಕ್ಕನ್ನು ಬೇರೆ ಸ್ಲಾಟಿಗೆ ಹಾಕಿ ಖಚಿತಪಡಿಸಿಕೊಳ್ಳಿ. ತಪ್ಪು ಸ್ಟಿಕ್ಕಿನ ಹಿಂದೆಯೇ ಹೋದರೆ ಸ್ಟಿಕ್ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪು ಬಂದರೆ ಸ್ಲಾಟಿನ ಧೂಳು ಊದಿಸಿ, ಟಾರ್ಚ್ ಬಿಟ್ಟು ಪಿನ್‌ಗಳನ್ನು ನೋಡಿ. ಆಮೇಲೆ ಪ್ರೊಸೆಸರ್ ಕೂಲರಿನ ಸ್ಕ್ರೂಗಳನ್ನು ನೋಡಿ. ಒಂದು ಮೂಲೆ ಹೆಚ್ಚು ಬಿಗಿದಿದ್ದರೆ ಸಾಕೆಟ್ಟಿನ ಪಿನ್‌ಗಳಲ್ಲಿ ಕೆಲವು ಸರಿಯಾಗಿ ತಾಗುವುದಿಲ್ಲ, ಒಂದು ಮೆಮೊರಿ ಚಾನೆಲ್ಲೇ ಎಡವುತ್ತದೆ. ಇದು ಮದರ್‌ಬೋರ್ಡ್ ಬದಲಿಸುವ ಮುನ್ನ ನೋಡಲೇಬೇಕಾದ ವಿಷಯ.

ಎರಡೂ ಸ್ಟಿಕ್ ಬೇರೆ ಬೇರೆಯಾಗಿ ಸರಿ, ಒಟ್ಟಿಗೆ ಹಾಕಿದರೆ ಮಾತ್ರ ತಪ್ಪು ಎಂಬುದೂ ಸಾಮಾನ್ಯ. ಬೇರೆ ಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳಾದರೆ ಲೇಬಲ್ ಒಂದೇ ಇದ್ದರೂ ಒಳಗಿನ ಚಿಪ್ ಬೇರೆಯಿರಬಹುದು. ಎಕ್ಸ್‌ಎಂಪಿ ಆನ್ ಇದ್ದಾಗ ಮಾತ್ರ ತಪ್ಪು ಬಂದರೆ ಅದು ಓವರ್‌ಕ್ಲಾಕಿಂಗಿನ ಮಿತಿ. ಡಿಡಿಆರ್4 ಗುಣಮಟ್ಟದ ಪ್ರಕಾರ 1.2 ವೋಲ್ಟಿನಲ್ಲಿ ಹೆಚ್ಚೆಂದರೆ 3200 ವೇಗ (ಸೆಕೆಂಡಿಗೆ ಇಷ್ಟು ಮಿಲಿಯನ್ ವರ್ಗಾವಣೆ). 3600 ಎಂದು ಮಾರುವ ಸ್ಟಿಕ್ ಸಾಮಾನ್ಯವಾಗಿ 1.35 ವೋಲ್ಟ್ ಬೇಡುತ್ತದೆ, ಆ ವೇಗಕ್ಕೆ ನಿಮ್ಮ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಕೂಡ ಒಗ್ಗಬೇಕು. 3600 ಇದ್ದರೆ 3200ಕ್ಕೆ, ಡಿಡಿಆರ್5ರಲ್ಲಿ 6000 ಇದ್ದರೆ 5600ಕ್ಕೆ ಇಳಿಸಿ ಮತ್ತೆ ರಾತ್ರಿಯಿಡೀ ಓಡಿಸಿ. ದಿನಬಳಕೆಯಲ್ಲಿ ಈ ಇಳಿಕೆ ಗೊತ್ತೇ ಆಗುವುದಿಲ್ಲ, ರೀಬೂಟ್ ನಿಂತದ್ದು ಮಾತ್ರ ಗೊತ್ತಾಗುತ್ತದೆ. ನಾಲ್ಕು ಸ್ಟಿಕ್ ತುಂಬಿಸಿದವರು ಇನ್ನೂ ಕಡಿಮೆಗೆ ಒಪ್ಪಬೇಕು: ರೈಜನ್ 7000 ಸರಣಿಯ ಪ್ರೊಸೆಸರ್‌ಗಳಲ್ಲಿ ನಾಲ್ಕು ಸ್ಟಿಕ್‌ಗೆ ಎಎಂಡಿ ಹೇಳುವ ವೇಗ 3600 ಅಷ್ಟೇ.

ರ‍್ಯಾಮ್ ಸರಿಯಿದ್ದೂ ರೀಬೂಟ್ ನಿಲ್ಲದಿದ್ದರೆ

ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತದೆ, ಎಸ್‌ಎಂಪಿಎಸ್ ಮೇಲೆ ಭಾರವಿರುವುದಿಲ್ಲ. ಆದ್ದರಿಂದ ಮುಂದಿನ ಹೆಜ್ಜೆ ಕಂಪ್ಯೂಟರಿಗೆ ಭಾರ ಹೇರಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ. ಅದರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಪ್ರೊಸೆಸರನ್ನಷ್ಟೇ ದಣಿಸುತ್ತದೆ, ಲಾರ್ಜ್ ಎಫ್‌ಎಫ್‌ಟಿ ಮೆಮೊರಿ ಮತ್ತು ಅದರ ಕಂಟ್ರೋಲರನ್ನು ದಣಿಸುತ್ತದೆ. ಮೊದಲನೆಯದರಲ್ಲೇ ಎಡವಿದರೆ ಪ್ರೊಸೆಸರ್, ಅದರ ಬಿಸಿ, ವೋಲ್ಟೇಜ್. ಎರಡನೆಯದರಲ್ಲಿ ಮಾತ್ರ ಎಡವಿದರೆ ಮೆಮ್‌ಟೆಸ್ಟ್ ಪಾಸಾಗಿದ್ದರೂ ಮೆಮೊರಿಯ ಹಾದಿಯನ್ನೇ ಇನ್ನೊಮ್ಮೆ ನೋಡಿ. ಎರಡನ್ನೂ ತಾಳಿಕೊಂಡು ಗೇಮ್ ಶುರುವಾದ ಕೂಡಲೇ ರೀಬೂಟ್ ಆದರೆ ಎಸ್‌ಎಂಪಿಎಸ್ ಸರದಿ. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ತನ್ನ ಸರಾಸರಿಗಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ಎರಡು ಕನೆಕ್ಟರ್ ಬೇಕಾದ ಕಾರ್ಡಿಗೆ ಒಂದೇ ಕೇಬಲ್ಲಿನ ಕವಲುಗಳನ್ನು ಚುಚ್ಚಿದ್ದರೆ, ಎರಡು ಪ್ರತ್ಯೇಕ ಕೇಬಲ್ ಹಾಕಿ ನೋಡಿ.

ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಪವರ್ ಗುಡ್ ಎಂಬ ಸಂಕೇತ ಹೋಗುತ್ತಿರುತ್ತದೆ. ಅದು ಬಿದ್ದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ. ಗೋಡೆಯ ಕರೆಂಟ್ ಸುಮಾರು 16 ಮಿಲಿಸೆಕೆಂಡ್ ತಪ್ಪಿದರೂ ಒಳ್ಳೆಯ ಎಸ್‌ಎಂಪಿಎಸ್ ತಡೆದುಕೊಳ್ಳಬೇಕು. ಒಳಗಿನ ಕೆಪಾಸಿಟರ್ ಒಣಗಿದಂತೆ ಈ ತಾಳ್ಮೆ ಕುಗ್ಗುತ್ತದೆ. ಲೈಟು ಒಮ್ಮೆ ಮಿಣುಕಿದಾಗಲೇ ರೀಬೂಟ್ ಆಗುತ್ತಿದ್ದರೆ ಕಾರಣ ಇಲ್ಲಿದೆ. ಮಲ್ಟಿಮೀಟರ್ ಇದ್ದರೆ ಹಳೆಯ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ತಂತಿಯ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. ಅಳೆಯುವಾಗ ಕಂಪ್ಯೂಟರ್ ಮೇಲೆ ಭಾರ ಇರಲಿ. ಮಲ್ಟಿಮೀಟರ್ ಕ್ಷಣಿಕ ಕುಸಿತ ಹಿಡಿಯಲಾರದು, ಹಾಗಾಗಿ ಅಳತೆ ಸರಿಬಂದರೂ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಕೊನೆಯ ತೀರ್ಪು. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯದಷ್ಟು ಚಾರ್ಜ್ ಉಳಿದಿರಬಹುದು.

ಯಾರೂ ನೋಡದ ಜಾಗ ಕ್ಯಾಬಿನೆಟ್ಟಿನ ರೀಸೆಟ್ ಬಟನ್. ಅದು ಒಳಗೆ ಸಿಕ್ಕಿಕೊಂಡೋ ಅದರ ತಂತಿ ಜಜ್ಜಿಹೋಗಿಯೋ ಆಗಾಗ ತಾನೇ ತಾಗಿದರೆ ಕಂಪ್ಯೂಟರ್ ನಿಜಕ್ಕೂ ಯಾರೋ ಬಟನ್ ಒತ್ತಿದಂತೆ ರೀಬೂಟ್ ಆಗುತ್ತದೆ. ಬೋರ್ಡಿನ ಮೂಲೆಯಲ್ಲಿರುವ ರೀಸೆಟ್ ಎಂಬ ಎರಡು ಪಿನ್ನಿನ ಕನೆಕ್ಟರ್ ಎಳೆದು ತೆಗೆದು ಒಂದೆರಡು ದಿನ ನೋಡಿ. ಆ ಬಟನ್ ಇಲ್ಲದೆಯೂ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತದೆ.

ಭಾರವಿದ್ದಾಗ ಸರಿಯಾಗಿದ್ದು ಸುಮ್ಮನೆ ಬಿಟ್ಟಾಗ ಮಾತ್ರ ರೀಬೂಟ್ ಆಗುವ ರೈಜನ್ ಕಂಪ್ಯೂಟರ್‌ಗಳಲ್ಲಿ ಬಯಾಸ್‌ನ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬುದನ್ನು ಟಿಪಿಕಲ್ ಕರೆಂಟ್ ಐಡಲ್‌ಗೆ ಬದಲಿಸಿ. ಪ್ರೊಸೆಸರಿನ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಮುಟ್ಟಿದ್ದರೆ ಅದನ್ನೂ ಮೊದಲಿನಂತೆ ಮಾಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಆದರೆ 2024ರಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡ ದೋಷವನ್ನು ಮರೆಯಬೇಡಿ. ಅತಿಯಾದ ವೋಲ್ಟೇಜ್‌ನಿಂದ ಪ್ರೊಸೆಸರ್ ನಿಧಾನವಾಗಿ ಸವೆದು, ಫೈಲ್ ಬಿಚ್ಚುವಾಗಿನ ತಪ್ಪು, ಗೇಮ್‌ಗಳ ಕುಸಿತ, ಬ್ಲೂ ಸ್ಕ್ರೀನ್ ಎಲ್ಲವೂ ಥೇಟ್ ಕೆಟ್ಟ ರ‍್ಯಾಮಿನಂತೆಯೇ ಕಾಣುತ್ತಿದ್ದವು. ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರಿನ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ನಡೆ ತಿದ್ದುವ ಕೋಡ್) ಇರುವ ಬಯಾಸ್ ಹಾಕಿದರೆ ಮುಂದಿನ ಸವೆತ ತಡೆಯಬಹುದು, ಆಗಲೇ ಸವೆದದ್ದು ವಾಪಸು ಬರುವುದಿಲ್ಲ. ಆ ಪ್ರೊಸೆಸರ್‌ಗಳಿಗೆ ವಾರಂಟಿಯನ್ನು 2 ವರ್ಷ ಹೆಚ್ಚಿಸಲಾಗಿದೆ.

ಕೆಟ್ಟ ಸ್ಟಿಕ್ ಸಿಕ್ಕ ಮೇಲೆ

ಬದಲಿಸಿ. ಹಲವು ತಯಾರಕರು ರ‍್ಯಾಮ್‌ಗೆ ದೀರ್ಘ ಅವಧಿಯ ವಾರಂಟಿ ಕೊಡುತ್ತಾರೆ, ಆದರೆ ಎರಡರ ಜೋಡಿಯಾಗಿ ಕೊಂಡಿದ್ದರೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಕಳಿಸಬೇಕಾಗುತ್ತದೆ. ಮೆಮ್‌ಟೆಸ್ಟಿನ ತಪ್ಪಿನ ಪರದೆಯ ಫೋಟೋ ಜೊತೆಗಿಡಿ. ಬೋರ್ಡಿಗೇ ಬೆಸೆದ ರ‍್ಯಾಮಿನ ಲ್ಯಾಪ್‌ಟಾಪ್ ಆದರೆ ದಾರಿ ಕಿರಿದು. ಕೆಟ್ಟ ವಿಳಾಸ ಸ್ಥಿರವಾಗಿದ್ದರೆ ಲಿನಕ್ಸ್‌ನ ಮೆಮ್‌ಮ್ಯಾಪ್ ಅಥವಾ ವಿಂಡೋಸ್‌ನ ಬ್ಯಾಡ್ ಮೆಮೊರಿ ಲಿಸ್ಟ್ ಮೂಲಕ ಆ ಜಾಗ ಬಿಟ್ಟು ಬಳಸುವಂತೆ ಹೇಳಬಹುದು. ಬೋರ್ಡ್ ಬದಲಾಗುವವರೆಗಿನ ಏರ್ಪಾಡು ಇದು, ಮುಖ್ಯ ದಾಖಲೆಗಳನ್ನು ಅದರಲ್ಲಿ ಇಡುವಷ್ಟು ನಂಬಬಾರದು.

ಡಿಡಿಆರ್5ರಲ್ಲಿ ಇಸಿಸಿ (ತಪ್ಪಾದ ಬಿಟ್ ತಿದ್ದುವ ವ್ಯವಸ್ಥೆ) ಇದೆಯಲ್ಲ, ಇನ್ನು ಚಿಂತೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅದು ಚಿಪ್ಪಿನ ಒಳಗಿನ ಒಂದು ಬಿಟ್ ತಪ್ಪನ್ನಷ್ಟೇ ತಿದ್ದುತ್ತದೆ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ಹಾದಿಯಲ್ಲಿ ಆಗುವ ತಪ್ಪನ್ನು ಅದು ಕಾಣದು, ತಿದ್ದಿದ್ದನ್ನು ನಿಮಗೆ ಹೇಳುವುದೂ ಇಲ್ಲ. ನಿಜವಾದ ಇಸಿಸಿ ಸ್ಟಿಕ್‌ನಲ್ಲಿ ಬೇರೆಯದೇ ಹೆಚ್ಚುವರಿ ಚಿಪ್ ಇರುತ್ತದೆ, ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಅದಕ್ಕೆ ಒಪ್ಪಬೇಕು. ಲೆಕ್ಕಪತ್ರ, ಸಂಶೋಧನೆಯ ದತ್ತಾಂಶ, ವರ್ಷಗಳ ಫೋಟೋ ಸಂಗ್ರಹ ಇಟ್ಟುಕೊಂಡವರು ಮುಂದಿನ ಕಂಪ್ಯೂಟರಿಗೆ ಇದನ್ನು ಯೋಚಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಸ್ಟಿಕ್ ಬಂದ ಮೇಲೆ ಅದನ್ನೂ ಎಕ್ಸ್‌ಎಂಪಿ ಇಲ್ಲದೆ ಒಂದು ರಾತ್ರಿ, ಆನ್ ಮಾಡಿ ಇನ್ನೊಂದು ರಾತ್ರಿ ಪರೀಕ್ಷಿಸಿ. ಹೊಸದರಲ್ಲೂ ದೋಷ ಇರುತ್ತದೆ. ಎರಡೂ ಪಾಸಾದ ಮೇಲೆ ಚೆಕ್‌ಡಿಸ್ಕ್ ಓಡಿಸಿ, ಆಮೇಲೆ ವಿಂಡೋಸ್ ಫೈಲುಗಳನ್ನು ಸರಿಪಡಿಸುವ ಆಜ್ಞೆಗಳು: ಮೊದಲು ಡಿಸ್ಮ್ ರಿಸ್ಟೋರ್ ಹೆಲ್ತ್, ಕೊನೆಗೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ವಿಂಡೋಸ್‌ನ ಸ್ವಂತ ಫೈಲುಗಳು ಇಷ್ಟಕ್ಕೆ ಸರಿಹೋಗುತ್ತವೆ. ನಿಮ್ಮ ಫೈಲುಗಳಿಗೆ ಇಂಥ ಯಂತ್ರವಿಲ್ಲ. ರೀಬೂಟ್ ಶುರುವಾದ ದಿನಾಂಕ ನೆನಪಿಸಿಕೊಂಡು, ಅಲ್ಲಿಂದ ಈಚೆಗೆ ಬದಲಾದ ಫೈಲುಗಳನ್ನು ಅದಕ್ಕೂ ಹಿಂದಿನ ಬ್ಯಾಕಪ್ ಪಕ್ಕದಲ್ಲಿಟ್ಟು ಒಂದೊಂದಾಗಿ ತೆರೆದು ನೋಡಿ. ಜಿಪ್‌ಗಳನ್ನು ಸೆವೆನ್ ಜಿಪ್‌ನ ಟೆಸ್ಟ್ ಆಯ್ಕೆಯಿಂದ ಪರೀಕ್ಷಿಸಿ. ಈ ಕೆಲಸ ಮುಗಿಯುವವರೆಗೂ ಹಳೆಯ ಬ್ಯಾಕಪ್ ಅಳಿಸಬೇಡಿ.